ಬೂದಿ ಸಿಗದ ಊರು

ಮೇ ೧೪

ರೀ,

ನಮಸ್ಕಾರ. ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಬೇಸರಪಡಬೇಡಿ. ಹಗಲೆಲ್ಲ ಪಾಳು ಊರಿನ ಅಗೆತದ ಶೆಡ್ಡಿನಲ್ಲಿ ಮಡಕೆ ಚೂರು ತೊಳೆದು ತೊಳೆದು ಬೆರಳು ಸುಕ್ಕುಗಟ್ಟಿವೆ, ಪೆನ್ನು ನಿಲ್ಲುವುದಿಲ್ಲ. ಫೋನು ಮಾಡಿದರೆ ನೀವು ಹೂಂ, ಉಹೂಂ ಎರಡರಲ್ಲೇ ಮುಗಿಸುತ್ತೀರಿ. ಅದಕ್ಕೇ ಈ ಕಾಗದ.

ಮೈದುನನ ಮಂಡಿ ವಾಸಿಯಾಯಿತಂತೆ. "ಅಯ್ಯೋ ಅಕ್ಕ, ಆಗಲೇ ಅಂಗಡೀಲಿ ಕೂತು ಎಲ್ಲರ ಮೇಲೂ ರೇಗ್ತಾ ಇದಾರೆ" ಎಂದಳು ಓರಗಿತ್ತಿ. ಸಂತೋಷವಾಯಿತು. ಹಾಗಾದರೆ ನೀವೇಕೆ ಇನ್ನೂ ಅಲ್ಲೇ ಇದ್ದೀರಿ ಎಂದು ಕೇಳದೆ ಫೋನಿಟ್ಟೆ.

ಅಗೆತದ ಮೇಡಂ ಕೊಟ್ಟ ಪುಸ್ತಕವನ್ನು ಅಕ್ಷರ ಕೂಡಿಸಿ ಓದುತ್ತಿದ್ದೇನೆ. ನೀವು ಇಷ್ಟು ವರ್ಷ ಕಾವಲಿದ್ದ ಪಾಳು ಊರು ಸಾವಿರದ ಮುನ್ನೂರು ವರ್ಷದ ಹಿಂದೆ ದೊಡ್ಡ ಪೇಟೆಯಂತೆ. ಇಟ್ಟಿಗೆ ಕೋಟೆ, ದೋಣಿಕಟ್ಟೆ, ಬಟ್ಟೆಗೆ ಬಣ್ಣ ಹಾಕುವವರದೇ ಒಂದು ಬೀದಿ. ಹೊಳೆ ದಿಕ್ಕು ಬದಲಿಸಿತು, ದೋಣಿ ಬರುವುದು ನಿಂತಿತು, ಒಂದೊಂದೇ ಮನೆ ಖಾಲಿಯಾಯಿತು.

ನೀವೋ ಬಂದವರಿಗೆಲ್ಲ ಶತ್ರುಗಳ ಕುದುರೆ ಸೈನ್ಯ ಊರನ್ನೇ ಸುಟ್ಟ ಕಥೆ ಹೇಳುತ್ತಿದ್ದಿರಿ. ಅವತ್ತು ಮೇಡಂ ಅಷ್ಟು ಜನರೆದುರು "ಯಜಮಾನ್ರೇ, ಎಲ್ಲೂ ಒಂದು ಹಿಡಿ ಬೂದೀನೂ ಸಿಕ್ಕಿಲ್ಲ" ಎಂದು ನಗಬಾರದಿತ್ತು. ಮನೆಗೆ ಬಂದು "ಈಗ ಆ ಕುದುರೆಗಳನ್ನ ಎಲ್ಲಿ ಕಟ್ಟಲಿ, ಹೇಳು" ಎಂದಿರಿ. ತಮಾಷೆ ಎಂದುಕೊಂಡು ನಾನು ನಕ್ಕೆ, ನೀವು ನಗಲಿಲ್ಲ. ಮರುದಿನವೇ "ತಮ್ಮನಿಗೆ ಒಂದು ವಾರ ಆಸರೆ ಆಗ್ತೀನಿ" ಎಂದು ಬಸ್ಸು ಹತ್ತಿದಿರಿ. ತಿಂಗಳು ಮೀರಿತು.

ನಿನ್ನೆ ಬಣ್ಣದವರ ಬೀದಿಯಲ್ಲಿ ಎರಡು ಮನೆ ಅಗೆದರು. ಒಂದರಲ್ಲಿ ಅರೆಯುವ ಕಲ್ಲನ್ನು ಧೂಳು ಕೂರದ ಹಾಗೆ ಬೋರಲು ಹಾಕಿದ್ದರು. "ಇವರು ವಾಪಸ್ ಬರೋರಿದ್ರು ಕಣಮ್ಮ" ಎಂದರು ಮೇಡಂ. ಪಕ್ಕದ ಮನೆಯಲ್ಲಿ ಹೊಸ್ತಿಲ ಕಲ್ಲಿನಲ್ಲಿ ಕದ ತಿರುಗುವ ಕುಳಿ ಮಾತ್ರ ಉಳಿದಿತ್ತು. "ಇವರು ಕದಾನೇ ಕಿತ್ಕೊಂಡು ಹೋಗಿದಾರೆ ನೋಡಿ. ಮತ್ತೆ ಬರೋ ಯೋಚನೆ ಇದ್ದೋರು ಹಾಗೆ ಮಾಡಲ್ಲ."

ಮನೆಗೆ ಬಂದವಳೇ ಕೈಕಾಲು ಕೂಡ ತೊಳೆಯದೆ ನಿಮ್ಮ ಗೂಡು ತಡಕಿದೆ. ಓದುವ ಕನ್ನಡಕ ಇದೆ. ಕಾವಲಿನ ಸೀಟಿ ಮೊಳೆಯಲ್ಲೇ ತೂಗುತ್ತಿದೆ. ಅಬ್ಬ ಎನಿಸಿತು. ಈ ವಯಸ್ಸಿನಲ್ಲಿ ನನಗಿದೇನು ಹುಚ್ಚೋ, ನೀವೇ ನಗುತ್ತೀರಿ.

ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಮೈದುನ, ಓರಗಿತ್ತಿ ನೂರು ಕಾಲ ಚೆನ್ನಾಗಿರಲಿ. ಮಕ್ಕಳ ತಲೆ ನೇವರಿಸಿ, ದೊಡ್ಡಮ್ಮನ ಆಶೀರ್ವಾದ ಎಂದು ಹೇಳಿ.

ನಿಮ್ಮ
ಇವಳು

ತಾ.ಕ.: ಅಂಚೆಗೆ ಹಾಕುವ ಮುಂಚೆ, ಬಟ್ಟೆ ಬಿಸಿಲಿಗೆ ಹರವೋಣವೆಂದು ಟ್ರಂಕು ತೆಗೆದೆ. ತಳದವರೆಗೂ ತೆಗೆದು ನೋಡಿದೆ, ನಿಮ್ಮ ಉಣ್ಣೆ ಸ್ವೆಟರ್ ಇಲ್ಲ. ಇಂಥ ಬೇಸಿಗೆಯಲ್ಲಿ, ಒಂದು ವಾರಕ್ಕೆಂದು ಹೊರಟವರಿಗೆ ಅದೇಕೆ ಬೇಕಾಯಿತು, ರೀ?