ಅಡ್ಡ ಮಲಗಿದ ಟೀವಿ

ಮಿಶ್ರಿಕೋಟಿ
ಕಾರ್ತಿಕ ಮಾಸ, ೧೯೮೭

ನನ್ನ ಅಕ್ಕ ಗೌರಕ್ಕನಿಗೆ,

ಈ ಕಾಗದವನ್ನು ನಿನ್ನ ತಮ್ಮ ಎದ್ದು ಕುಳಿತು, ತನ್ನ ಕೈಯಾರೆ ಬರೆಯುತ್ತಿದ್ದಾನೆ. ಉಳಿದದ್ದನ್ನು ಓದುವ ಮೊದಲು ಒಂದು ಗಳಿಗೆ ಸುಮ್ಮನೆ ಕೂತು ಇದಕ್ಕೆ ಸಂತೋಷಪಡು.

ಬಣವೆ ಮೇಲಿಂದ ಬಿದ್ದು ಸೊಂಟ ಮುರಿದ ಮೇಲೆ ಹಟ ಮಾಡಿ ಹಿಂದಿನ ಸಣ್ಣ ಕೋಣೆ ಸೇರಿದವನು ನಾನೇ. ಪಡಸಾಲೆಯಲ್ಲಿದ್ದರೆ ಬಂದವರೆಲ್ಲ ನೋಡಿ ಲೊಚಗುಟ್ಟುತ್ತಾರೆ ಎಂಬ ಸಂಕಟ. ಹೊಸ ಪಿಕ್ಚರ್ ಬಂತೆಂದರೆ ಸೈಕಲ್ ಹತ್ತಿ ಕಲಘಟಗಿಯ ಟೆಂಟಿಗೆ ಓಡುತ್ತಿದ್ದವನು, ಬಲಮಗ್ಗುಲಿಗೆ ಮಲಗಿ ಎದುರಿನ ಗೋಡೆ ನೋಡುತ್ತ ಬಿದ್ದಿದ್ದೆ. ಹೆಂಡತಿ ಗುರವ್ವನ ಸಂಗಡ ಮಾತು ನಿಂತಿತ್ತು. ಡಾಕ್ಟರು ಹೇಳಿದ ಕಾಲಿನ ಕಸರತ್ತನ್ನೂ ಕೈಬಿಟ್ಟಿದ್ದೆ.

ಆಗ ನೀನು ಅಳ್ನಾವರದಿಂದ ಬಂದೆ. ಅಳಲಿಲ್ಲ. ಮಂಚದಿಂದ ಗೋಡೆಯವರೆಗೆ ಗೇಣು ಹಾಕತೊಡಗಿದೆ.

"ಏನ್ ಅಳತಿ ಮಾಡಾಕತ್ತಿ? ನನ್ನ ಹೂಳಾಕ ಕುಣಿ ತಗಸ್ತೀಯೇನು?" ಎಂದು ನಾನು ಕೇಳಿದೆ.

"ಬಾಯಿ ಮುಚ್ಚಲೇ ತಮ್ಮಾ. ಟೀವಿ ಎಲ್ಲಿ ಕುಂಡ್ರತೈತಿ ನೋಡಾಕತ್ತೇನಿ," ಎಂದೆ ನೀನು.

ಮರುದಿನ ನೀನು ಗುರವ್ವನನ್ನು ಕರಕೊಂಡು ಹುಬ್ಬಳ್ಳಿಗೆ ಹೋದೆ. ಅಂಗಡಿಯವನು ಮರದ ಬಾಗಿಲಿನ ದೊಡ್ಡ ಕಲರ್ ಸೆಟ್ ತೋರಿಸಿದನಂತೆ. ಗುರವ್ವನ ಮನಸ್ಸೂ ಅದರ ಮೇಲೇ ಇತ್ತಂತೆ. "ಅದು ಕೋಣಿ ಹೊಕ್ಕರ ನನ್ನ ತಮ್ಮ ಹೊರಗ ಬರಬೇಕಾಗ್ತೈತ್ರಿ. ಮಾರಿಗೆ ಅಷ್ಟ್ ಹತ್ರ ದೊಡ್ಡದಿಟ್ಟರ ಕಣ್ಣೂ ಉರಿತಾವು. ಆ ಸಣ್ಣದು ತೋರಿಸ್ರಿ," ಎಂದೆಯಂತೆ. ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಸೆಟ್ಟನ್ನು ತಿರುತಿರುಗಿಸಿ ನೋಡಿ, "ಇದನ್ನ ಅಡ್ಡ ಮಲಗಿಸಿದರ ನಡೀತೈತೇನ್ರಿ?" ಎಂದು ಕೇಳಿದೆಯಂತೆ.

"ಗಾಳಿ ಆಡಿದರ ನಡೀತೈತ್ರಿ. ಆದರ ಅಡ್ಡ ಯಾಕ್ರಿ?"

"ನೋಡಾಂವ ಅಡ್ಡ ಮಲಗ್ಯಾನ್ರಿ."

ಗುರವ್ವ ಇದನ್ನು ಹೇಳಿದಾಗ ನಾನು ಗೋಡೆಯ ಕಡೆಯೇ ನೋಡುತ್ತಿದ್ದೆ, ಅಕ್ಕಾ. ಆ ಸಣ್ಣ ಸೆಟ್ಟನ್ನೇ ತಂದು, ಅದೇ ಗೋಡೆಗೆ ಅಡ್ಡ ಮಲಗಿಸಿ ಇಟ್ಟೆ ನೀನು.

ಕ್ಯಾಸೆಟ್ ಹಾಕುವ ವೀಸಿಪಿ ಕೊಳ್ಳಲು ನೀನು ಒಪ್ಪಲಿಲ್ಲ. ಅದನ್ನಿಟ್ಟರೆ ಗುರವ್ವನಿಗೆ ಓಡಾಡಲು ಜಾಗ ಇರುತ್ತಿರಲಿಲ್ಲ. ಕಲಘಟಗಿಯಿಂದ ಒಂದು ದಿನದ ಬಾಡಿಗೆಗೆ ನೀನೇ ತರಿಸಿದೆ. ಪಿಕ್ಚರ್ ಶುರುವಾದಾಗ ಬಾಜೂ ಮನೆಯ ಹಲೀಮಾಬಿ ಇಣುಕಿ, "ಯವ್ವಾ, ಎಲ್ಲಾರೂ ಗ್ವಾಡಿ ಮ್ಯಾಲ ನಡ್ಯಾಕತ್ತಾರಲ್ಲ!" ಎಂದು ಕೂಗಿದಳು. ನೀನು ಮಂಚದ ಪಕ್ಕ ನೆಲಕ್ಕೆ ಚಾಪೆ ಹಾಸಿ, ನನ್ನ ಹಾಗೆಯೇ ಬಲಮಗ್ಗುಲಾಗಿ ಮಲಗಿ, "ಬರ್ರಿ, ಹಿಂಗ ಮಲಕೋರಿ. ಎಲ್ಲಾ ನೆಟ್ಟಗ ಕಾಣತೈತಿ," ಎಂದೆ. ಆಕೆ ಮಲಗಿದಳು. ಗುರವ್ವನೂ ಸಂದಿಯಲ್ಲಿ ತೂರಿಕೊಂಡಳು. ಒಬ್ಬರು ಕೆಮ್ಮಿದರೆ ಮೂವರೂ ಅಲುಗಾಡುತ್ತಿದ್ದಿರಿ. ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಸೊಂಟ ಸೀಳಿದಂತೆ ನೋಯುತ್ತಿತ್ತು, ಆದರೂ ನಕ್ಕೆ. ನಗುತ್ತ ನಗುತ್ತ ಅತ್ತದ್ದು ನಿನಗೆ ಕಂಡಿತೋ ಇಲ್ಲವೋ, ನೀನು ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ, "ಕಾಲು ಹಿಡಿ, ಕಸರತ್ತು ಮಾಡೂಣು," ಎಂದು ಗುರವ್ವನನ್ನು ನಾನೇ ಕರೆದೆ. ಆಕೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ದಿಂಬಿಗೆ ಒರಗಿ ಕೂತೆ. ಮೊನ್ನೆ ಕೋಲು ಹಿಡಿದು ಹೊಸ್ತಿಲು ದಾಟಿದೆ.

ಬಿದ್ದವನನ್ನು ನಿಂತು ನೋಡಿ ಹೋದವರು ಬಹಳ ಮಂದಿ. ನೀನು ನನ್ನ ಪಕ್ಕ ಮಲಗಿ, ನಾನು ನೋಡಿದ್ದನ್ನೇ ನೋಡಿದೆ. ಎದುರಿಗೆ ಹೇಳಿದರೆ "ಸುಮ್ನಿರಲೇ" ಎಂದು ಬೈಯುತ್ತೀ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಿನ್ನ ಹೊಟ್ಟೆ ಯಾವತ್ತೂ ತಣ್ಣಗಿರಲಿ, ಅಕ್ಕಾ.

ನಿನ್ನ ತಮ್ಮ,
ಶಂಕ್ರಪ್ಪ