ಎಡದಿಂದ ಮೂರನೆಯವನು

ಹಡ್ಸನ್, ನ್ಯೂಯಾರ್ಕ್
14 ಜೂನ್ 1949

ನನ್ನ ಮುದ್ದಿನ ಅಕ್ಕ ಕೋರಾ,

ನಿಂತಿದ್ದರೆ ಮೊದಲು ಕೂತುಕೋ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಅಜ್ಜ ಅಲಾನ್ಸೊ ಬೇಸ್‌ಬಾಲ್ ತಂಡದ ಜೊತೆ ನಿಂತ ಫೋಟೋ ಇದೆಯಲ್ಲ, ಅದನ್ನು ದೊಡ್ಡದು ಮಾಡಿಸಿದ್ದಾರೆ. ಈ ಶನಿವಾರ ಊರಿನ ಬೇಸ್‌ಬಾಲ್ ಕ್ಲಬ್ಬಿನಲ್ಲಿ ಅಪ್ಪನೇ ಅದರ ಪರದೆ ಸರಿಸುವುದೆಂದು ತೀರ್ಮಾನವಾಗಿದೆ. ಎಂಬತ್ತೆರಡರ ಮುದುಕ ದಿನಕ್ಕೆರಡು ಸಲ ಕೋಟು ಉಜ್ಜುತ್ತಿದ್ದಾನೆ. ಎಡದಿಂದ ಮೂರನೆಯವನೇ ಅಜ್ಜ ಎಂದು ಗುರುತಿಸಿದವಳು ನಾನು.

ಗಡ್ಡ ಬೆಳೆದೀತು, ಮೈ ಊದೀತು, ಕಿವಿ ಮಾತ್ರ ಬದಲಾಗುವುದಿಲ್ಲ. ಕ್ಲಬ್ಬಿನ ಹಳೆಯ ಫೋಟೋಗಳಲ್ಲಿರುವ ಆಟಗಾರರಿಗೆ ಹೆಸರು ಹುಡುಕುತ್ತ ಹನ್ನೊಂದು ವರ್ಷ ನಾನು ನೋಡಿದ್ದೆಲ್ಲ ಕಿವಿಗಳನ್ನೇ. ಇವನ ಕಿವಿಯ ಮೇಲಂಚಿನಲ್ಲಿ ಇಲಿ ಕಚ್ಚಿದಂಥ ಕಚ್ಚು, ಹಾಲೆ ಕೆನ್ನೆಗೆ ಅಂಟಿಕೊಂಡಿದೆ. ಥೇಟ್ ಅಪ್ಪನ ಕಿವಿ! ಅಜ್ಜನ ಬೇರೆ ಫೋಟೋ ನಮ್ಮಲ್ಲಿಲ್ಲ, ಇಷ್ಟು ಸಾಕೆಂದುಕೊಂಡೆ. ಎರಡೂ ಕೈಯಲ್ಲಿ ಬ್ಯಾಟು ಹಿಡಿದಿದ್ದಾನೆ. ಹಾಗಾಗಿ ಅಂತರ್ಯುದ್ಧದಲ್ಲಿ ಎಡಗೈ ಹೋಗುವ ಮುಂಚೆ, 1860ರ ಸುಮಾರಿಗೆ ತೆಗೆದದ್ದೆಂದು ಬರೆದೂ ಕೊಟ್ಟೆ.

ಇವತ್ತು ಫೋಟೋಗ್ರಾಫರನ ಹೆಸರು ಬೇಕೆಂದು ಕ್ಲಬ್ಬಿನ ಮಿಸೆಸ್ ಪ್ರುಯಿನ್ ಬಂದಳು. ಫೋಟೋ ಆಲ್ಬಮ್ಮಿಗೆ ಅಂಟಿದೆ, ಬೆನ್ನು ನೋಡಿಲ್ಲ ಎಂದೆ. "ಬೆನ್ನು ನೋಡ್ದೆ ಹೆಸರಿಟ್ಯಾ ತಾಯಿ? ಕೂಸು ಹುಟ್ಟೋಕೆ ಮುಂಚೆ ಕುಲಾವಿ!" ಎಂದು ಛೇಡಿಸಿದಳು. ರೋಷ ಬಂತು. ಕೆಟಲಿನ ಹಬೆ ಹಿಡಿದು ಬಿಡಿಸಿಯೇಬಿಟ್ಟೆ.

ಬೆನ್ನಲ್ಲಿ ಸುಂಕದ ಚೀಟಿ, ಕೋರಾ! ಯುದ್ಧದ ಖರ್ಚಿಗೆಂದು ಸರ್ಕಾರ 64ರಿಂದ 66ರವರೆಗೆ ಮಾತ್ರ ಫೋಟೋಗಳಿಗೆ ಹಚ್ಚಿಸಿದ ಚೀಟಿ. ಅದರ ಮೇಲೆ ವೀಡರ್ ಎಂಬ ಫೋಟೋಗ್ರಾಫರನ ಸಹಿ, 9 ಜೂನ್ 1866. ಅಷ್ಟು ಹೊತ್ತಿಗೆ ಅಜ್ಜನ ಕೈ ಹೋಗಿ ಮೂರು ವರ್ಷ! ಕೆಳಗೆ ಅದೇ ಕೈಬರಹದಲ್ಲಿ ಎಲ್ಲರ ಹೆಸರು. ಎಡದಿಂದ ಮೂರನೆಯವನು ಜೇಬೆಜ್ ಕೋಲ್.

ಅಜ್ಜನ ಪಕ್ಕದ ಮನೆಯ ಜೇಬೆಜ್! ಅಪ್ಪನಿಗೆ ಚೆಂಡೆಸೆಯಲು ಕಲಿಸಿದವನು! ಅಪ್ಪ ಹುಟ್ಟಿದ್ದು ಮರುವರ್ಷ ಮಾರ್ಚಿನಲ್ಲಿ. ಅಯ್ಯೋ ದೇವರೇ, ನಮ್ಮ ಹುಲ್ಡಾ ಅಜ್ಜಿ! ಊಟಕ್ಕೆ ಮುಂಚೆ ಪ್ರಾರ್ಥನೆ ಮರೆತರೆ ಸೌಟು ಬೀಸುತ್ತಿದ್ದವಳು! ಮಿಸೆಸ್ ಪ್ರುಯಿನ್ ಕನ್ನಡಕ ತೆಗೆದು, "ನಾನೇನೂ ನೋಡ್ಲಿಲ್ಲ ಕಣಮ್ಮ" ಎಂದವಳೇ ಹೊರಟುಹೋದಳು.

ಸುಳ್ಳು ಹೆಸರು ಹಾಕಲು ನನಗೆ ಮನಸ್ಸು ಬಾರದು. ನಿಜ ಹಾಕಿದರೆ ಶನಿವಾರ ಅಪ್ಪ ಊರೆದುರು ಯಾರ ಮಗನಾಗಿ ನಿಲ್ಲಬೇಕು? ಈ ವಯಸ್ಸಿನಲ್ಲಿ ಅವನಿಗೆ ಹೇಳಲೋ ಬೇಡವೋ, ತಂತಿ ಕೊಡು.

ದಿಕ್ಕು ತೋಚದ ನಿನ್ನ ತಂಗಿ,
ಲವೀನಿಯಾ

ತಾ.ಕ.: ತಂತಿ ಬೇಡ. ಲಕೋಟೆ ಮುಚ್ಚುವಷ್ಟರಲ್ಲಿ ಅಪ್ಪ ಬಂದ, ತಡೆಯಲಾರದೆ ಅಳುತ್ತ ಎಲ್ಲ ಹೇಳಿಬಿಟ್ಟೆ. ಅವನು ಫೋಟೋ ತಿರುಗಿಸಿಯೂ ನೋಡಲಿಲ್ಲ. ಜೇಬೆಜ್ ಹೆಸರೇ ಬರೆಸು, ಪರದೆ ನಾನೇ ಸರಿಸುತ್ತೇನೆ ಎಂದ. ನಿನಗೆ ಮೊದಲೇ ಗೊತ್ತಿತ್ತಾ ಎಂದೆ. "ಅದನ್ನ ಅಂಟಿಸಿದ್ದು ನಮ್ಮಪ್ಪ ಅಲಾನ್ಸೊನೇ ಕಣೇ. ಒಂದೇ ಕೈ ಅಲ್ವಾ, ಪುಟ ಹಿಡ್ಕೊಳೋಕೆ ನನ್ನ ಕರೆದಿದ್ದ. ನಂಗಾಗ ಹನ್ನೆರಡು ವರ್ಷ. ಬೆನ್ನ ಮೇಲಿನ ಹೆಸರು ಓದೋಕೆ ಬರ್ತಿತ್ತು. ಮನೇಲಿ ಕನ್ನಡೀನೂ ಇತ್ತು."