‘ಬರ್ತೀನಿ’ ಎಂದರೆ ಬರಲೇಬೇಕಾದ ಲೋಕ

ಸೋಮವಾರ ಬೆಳಗ್ಗೆ, ಅಂಗಡಿ ತೆರೆಯುವ ಮುಂಚೆ

ನನ್ನ ತರಲೆ ಮಗಳಿಗೆ,

ಅಮ್ಮನ ಆಶೀರ್ವಾದ. ಅಂಗಡಿ, ಮನೆ, ನಿನ್ನ ಅಣ್ಣ, ಅತ್ತಿಗೆ, ನನ್ನ ಮಂಡಿ, ಎಲ್ಲ ನೆಟ್ಟಗಿವೆ. ನೆಟ್ಟಗಿಲ್ಲದ್ದು ನಿನ್ನ ಕಾಗದ ಒಂದೇ.

‘ಎಲ್ಲ ಬಿಟ್ಟು ಬರ್ತೀನಮ್ಮ, ಅಂಗಡೀಲಿ ಕತ್ತರಿ ಹಿಡೀತೀನಿ’ ಎಂದು ಬರೆದಿದ್ದೀಯ. ಯಾರನ್ನು ಕೇಳಿ ಬರುತ್ತೀ? ಸಮವಸ್ತ್ರ ಹೊಲಿಯುವ ಅಂಗಡಿ ಇದು, ಸೋತವರು ಬಂದು ಮಲಗುವ ಛತ್ರವಲ್ಲ. ಇಲ್ಲಿದ್ದಾಗ ನೀನು ಕತ್ತರಿಸಿದ ನರ್ಸುಗಳ ಅಂಗಿಗೆ ಒಂದು ತೋಳು ಉದ್ದ, ಒಂದು ಗಿಡ್ಡ ಬಂದದ್ದನ್ನು ನಮ್ಮ ಕೆಲಸದವರು ಈಗಲೂ ಹೇಳಿಕೊಂಡು ನಗುತ್ತಾರೆ.

ಆಟದ ಪುಸ್ತಕ ಅಚ್ಚು ಹಾಕುವ ಆ ಯಜಮಾನರು ನಿನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಬೆಟ್ಟ, ಕತ್ತಿ, ಮಂತ್ರ, ಬೆಂಕಿ ಉಗುಳುವ ಪ್ರಾಣಿ ಎಲ್ಲರ ಲೋಕದಲ್ಲೂ ಇವೆ, ನೀವು ಆಟಕ್ಕೆಂದು ಕಟ್ಟಿದ ಲೋಕದಲ್ಲಿ ಬೇರೆ ಏನಿದೆ? ತಿಂಗಳ ಕೊನೆಯೊಳಗೆ ಉತ್ತರ ಬಾರದಿದ್ದರೆ ಪುಸ್ತಕ ಕೈಬಿಡುತ್ತಾರೆ. ಅದಕ್ಕೆ ನೀನು ಆಕಾಶಕ್ಕೆ ಮೂರು ಚಂದ್ರರನ್ನು ಅಂಟಿಸಿ, ನಕ್ಷೆಗೆ ಇನ್ನೊಂದು ಸಮುದ್ರ ಸೇರಿಸಿ, ಅದೂ ಸಾಲದೆನಿಸಿ ಅತ್ತು, ನನಗೆ ಬರೆದೆ. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ನಿನಗೇ ಗೊತ್ತಿಲ್ಲ ಎಂದಮೇಲೆ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿರುವ ನಿನ್ನ ಗೆಳತಿಗೆ ಹೇಳಿಕಳಿಸಿದೆ. ನೀನು ಬರೆದದ್ದರ ಪ್ರತಿ ಅವಳ ಹತ್ತಿರ ಇದೆಯಲ್ಲ. ‘ಅದನ್ನೂ ತಗೊಂಡು ಬಾ, ಬೇರೆ ಎರಡು ಲೋಕದ ಪುಸ್ತಕಾನೂ ತಗೊಂಡು ಬಾ, ಆಡೋರನ್ನೂ ಕರ್ಕೊಂಡು ಬಾ’ ಎಂದೆ. ನಿನ್ನೆ ರಜೆ. ಅವಳು, ಸೈಕಲ್ ರಿಪೇರಿಯವನು, ಅವನ ತಂಗಿ ಬಂದರು. ಕತ್ತರಿಸುವ ಮೇಜಿನ ಮೇಲಿನ ಬಟ್ಟೆಯ ಥಾನುಗಳನ್ನು ಸರಿಸಿ ಕೂತೆವು.

ಹಲಗೆಯೂ ಇಲ್ಲ, ಕಾಯಿಯೂ ಇಲ್ಲ, ಇದೆಂಥ ಆಟ ಎಂದು ನಿನ್ನನ್ನು ಬೈಯುತ್ತಿದ್ದೆ. ಈಗ ತಿಳಿಯಿತು. ಒಬ್ಬಳು, ನಿನ್ನೆ ನಿನ್ನ ಗೆಳತಿ, ಆ ಲೋಕದಲ್ಲಿ ಏನಿದೆ ಎಂದು ಹೇಳುತ್ತಾಳೆ, ಉಳಿದವರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಆಗುತ್ತದೋ ಇಲ್ಲವೋ ಎಂಬಲ್ಲಿ ದಾಳ, ಹೆಚ್ಚು ಬಿದ್ದರೆ ಆಯಿತು. ‘ದಾಳ ಹಾಕಿ ಆಂಟಿ’ ಎಂದಾಗ ಆ ಇಪ್ಪತ್ತು ಮುಖದ್ದನ್ನು ತಿರುಗಿಸಿ, ಇಪ್ಪತ್ತು ಮೇಲೆ ಬರುವಂತೆ ಮೇಜಿನ ಮೇಲಿಟ್ಟೆ. ಸೈಕಲ್ಲಿನವನು ‘ಹಂಗಲ್ಲ ಆಂಟಿ, ಎಸೀಬೇಕು’ ಎಂದ. ‘ಒಳ್ಳೇದು ಕಣ್ಣಿಗೆ ಕಾಣ್ತಿರುವಾಗ ಎಸೆಯೋದ್ಯಾಕೋ?’ ಎಂದೆ. ಒಪ್ಪಲಿಲ್ಲ. ಎಸೆದೆ. ನಾಲ್ಕು ಬಿತ್ತು.

ಯೋಧ ಆಗಿ, ಮಂತ್ರವಾದಿ ಆಗಿ ಎಂದು ದುಂಬಾಲು ಬಿದ್ದರು. ನಾನು ದರ್ಜಿ, ದರ್ಜಿಯಾಗಿಯೇ ಹೋಗುತ್ತೇನೆ ಎಂದೆ. ಬೆಟ್ಟದಾಚೆಯ ಒಬ್ಬನಿಗೆ ಹೊಲಿದ ಕೋಟು ತಲುಪಿಸಬೇಕು. ದಾರಿಯಲ್ಲಿ ಒಂದು ಮನೆ, ಒಂದು ಹೊಳೆ, ಒಂದು ಕಳ್ಳರ ಗವಿ. ಮೂರು ಲೋಕಕ್ಕೂ ಇದೇ ಹೆಂಗಸು, ಇದೇ ಕೋಟು, ಇದೇ ದಾರಿ ಎಂದು ಕಟ್ಟುನಿಟ್ಟಾಗಿ ಹೇಳಿದೆ. ಬಟ್ಟೆ ಬೇರೆ, ಅಳತೆ ಬೇರೆ, ಸೂಜಿ ಬೇರೆ ಎಂದರೆ ಯಾವುದು ಕೈಕೊಟ್ಟಿತೆಂದು ಗೊತ್ತಾಗುವುದು ಹೇಗೆ?

ಮೊದಲನೆಯ ಲೋಕದಲ್ಲಿ ಬಾಗಿಲು ತಟ್ಟಿದ ಕೂಡಲೇ ‘ಯಾವ ದೇವರ ಕಡೆಯವಳು?’ ಎಂದು ಕೇಳಿದರು. ಅಲ್ಲಿ ದೇವರುಗಳು ಪಕ್ಕದ ಮನೆಯವರ ಹಾಗೆ, ಕರೆದರೆ ಓಗೊಡುತ್ತಾರೆ, ಕರೆಯದಿದ್ದರೂ ಇಣುಕುತ್ತಾರೆ. ಎರಡನೆಯದರಲ್ಲಿ ಬರೀ ಕೆಸರು, ಹಸಿವು. ಅಲ್ಲಿ ಕೇಳಿದ್ದು, ‘ಚೀಲದಲ್ಲಿ ಏನಿದೆ?’ ಎರಡರಲ್ಲೂ ಕಳ್ಳರು ಹಿಡಿದರು. ಎರಡರಲ್ಲೂ ಅವರ ನಾಯಕನ ಹರಿದ ಅಂಗಿ ಹೊಲಿದುಕೊಟ್ಟು ಬಿಡಿಸಿಕೊಂಡೆ, ಹೊರಡುವಾಗ ‘ಬರ್ತೀನಪ್ಪಾ’ ಎಂದೆ. ಮೊದಲನೆಯವರು ನಕ್ಕರು. ಎರಡನೆಯವರು ನನ್ನ ಕತ್ತರಿ ಕಿತ್ತುಕೊಂಡು, ‘ಬಾ ಬಾ, ಬರುವಾಗ ಇನ್ನೊಂದು ಕತ್ತರಿ ತಗೊಂಡು ಬಾ’ ಎಂದರು.

ಆಮೇಲೆ ನಿನ್ನ ಲೋಕ. ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲ. ಕೂರಿಸಿದರು, ಉಣ್ಣಲು ಕೊಟ್ಟರು. ಎದ್ದು ಹೊರಟಾಗ ಮಾತ್ರ ಒಲೆಯ ಮುಂದಿದ್ದವಳು ಸೌಟು ನಿಲ್ಲಿಸಿದಳು, ಮಕ್ಕಳು ಗಲಾಟೆ ನಿಲ್ಲಿಸಿದರು, ಎಲ್ಲರೂ ನನ್ನ ಬಾಯನ್ನೇ ನೋಡಿದರು. ಇವರಿಗೇನು ಬಂತೆಂದುಕೊಂಡು ‘ಬರ್ತೀನಿ’ ಎಂದೆ. ದೋಣಿಯವನಿಗೂ ಹಾಗೆಯೇ ಹೇಳಿದೆ. ನಿನ್ನ ಗೆಳತಿ ತುಟಿ ಕಚ್ಚಿಕೊಂಡು ಏನೋ ಗುರುತು ಹಾಕಿಕೊಳ್ಳುತ್ತಿದ್ದಳು. ಗವಿಯಲ್ಲಿ ಕಳ್ಳರಿಗೂ ‘ಬರ್ತೀನಪ್ಪಾ’ ಎಂದದ್ದೇ ತಡ, ಪೆನ್ಸಿಲ್ ಕೆಳಗಿಟ್ಟಳು. ಸೈಕಲ್ಲಿನವನು ತಲೆ ಹಿಡಿದುಕೊಂಡ. ‘ಅಯ್ಯೋ ಆಂಟಿ, ಕಳ್ಳರಿಗೂ ಹೇಳ್ಬಿಟ್ರಾ!’

‘ಇನ್ನೇನು, ತೊಲಗ್ತೀನಿ ಅನ್ಬೇಕಿತ್ತಾ?’ ಎಂದೆ.

‘ಈ ಲೋಕದಲ್ಲಿ ಬರ್ತೀನಿ ಅಂದ್ರೆ ಬರಲೇಬೇಕು ಆಂಟಿ. ಸತ್ತರೂ ಬಿಡಲ್ಲ, ಹೆಣ ಎದ್ದು ನಡ್ಕೊಂಡು ಬರುತ್ತೆ’ ಎಂದಳು ನಿನ್ನ ಗೆಳತಿ. ದೋಣಿಗಳ ಅಧ್ಯಾಯದ ಕೊನೆಯಲ್ಲಿ ನೀನು ಅಡಗಿಸಿಟ್ಟ ಆ ಸಾಲುಗಳನ್ನು ಓದಿ ತೋರಿಸಿದಳು. ಮುಂದೆ ನಡೆದಷ್ಟೂ ಕೊಟ್ಟ ಮೂರು ಮಾತುಗಳು ಹಿಂದಕ್ಕೆ ಎಳೆದು ಆಟದ ನನ್ನ ಹೆಂಗಸಿನ ಕಾಲು ಭಾರವಾಗುತ್ತ ಬಂತು, ದಾಳದಲ್ಲಿ ಬಿದ್ದದ್ದರಲ್ಲೂ ನಿನ್ನ ಗೆಳತಿ ಕಳೆಯುತ್ತ ಹೋದಳು. ಕೋಟು ತಲುಪಲೇ ಇಲ್ಲ. ಗಿರಾಕಿಗೆ ಹೇಳಿದ ದಿನ ತಪ್ಪಿಸಿದವಳಲ್ಲ ನಾನು. ನಿನ್ನ ಲೋಕದಲ್ಲಿ ತಪ್ಪಿಸಿದೆ, ಅದೂ ಮರ್ಯಾದೆಯ ಮಾತಾಡಲು ಹೋಗಿ!

ಅದಾದ ಮೇಲೆ ಮೇಜಿನ ಸುತ್ತ ಮಾತಿನ ರೀತಿಯೇ ಬದಲಾಯಿತು. ಬಾಯಿಗೆ ಬಂದದ್ದನ್ನು ಯಾರೂ ಆಡಲಿಲ್ಲ. ಸೈಕಲ್ಲಿನವನು ಸಿಪಾಯಿಯಾಗಿದ್ದ. ಯುದ್ಧಕ್ಕೆ ಹೊರಟವನು ತಾಯಿಯ ಹತ್ತಿರ ಏನು ಹೇಳುತ್ತೀಯ ಎಂದು ಗೆಳತಿ ಕೇಳಿದಳು. ಸದಾ ವಟವಟ ಎನ್ನುವವನು ಕೈಯಲ್ಲಿದ್ದ ದಾಳವನ್ನು ಮೇಜಿನ ಅಂಚಿಗೆ ಸರಿಸಿಟ್ಟ. ಆಮೇಲೆ ‘ಹೋಗ್ತೀನಮ್ಮ’ ಎಂದ. ಯಾಕೋ ಎಂದರೆ, ‘ನಾನು ಸತ್ತರೆ ಅಮ್ಮ ಆ ಹೆಣಕ್ಕೆ ಬಾಗಿಲು ತೆಗೀಬೇಕಾಗುತ್ತಲ್ಲ ಆಂಟಿ’ ಎಂದ. ನಾನು ಎದ್ದು, ಇಸ್ತ್ರಿ ಪೆಟ್ಟಿಗೆ ಆರಿಸಿದ್ದೇನೋ ಇಲ್ಲವೋ ಎಂದು ನೋಡಿ ಬಂದೆ. ರಜೆಯ ದಿನ, ಅದನ್ನು ಹಚ್ಚಿರಲೇ ಇಲ್ಲ.

ಆಟ ಕಟ್ಟುವುದೂ ಒಂದು ಕೆಲಸವಾ ಎಂದು ನಾನು ಅಂದ ದಿನ, ಪೆಟ್ಟಿಗೆ ಹಿಡಿದು ಹೊಸ್ತಿಲಲ್ಲಿ ನಿಂತು ‘ಹೋಗ್ತೀನಿ’ ಎಂದೆಯಲ್ಲ, ಅದನ್ನು ಸೊಕ್ಕು ಎಂದುಕೊಂಡಿದ್ದೆ. ಸೊಕ್ಕೂ ಇತ್ತು, ಇಲ್ಲ ಅನ್ನಬೇಡ. ಆದರೆ ಬರುವ ಖಾತ್ರಿ ಇಲ್ಲದಾಗ ಬಾಯಿಮಾತಿಗೂ ಸುಳ್ಳು ಹೇಳಲಿಲ್ಲ ನೀನು. ಆ ಲೋಕ ಯಾವ ಬಾಗಿಲಿಂದ ಹೊರಟಿತೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಮಾತು ಇಲ್ಲಿಗೆ ಸಾಕು.

ಈಗ ಕೇಳು. ಗುಂಡಿ ಬದಲಾಯಿಸಿ ಇದು ಬೇರೆ ಅಂಗಿ ಎಂದರೆ ನನ್ನ ಅಂಗಡಿಯಲ್ಲಿ ಯಾರೂ ಒಪ್ಪುವುದಿಲ್ಲ. ಅಡುಗೆಯವನ ಕೋಟಿಗೂ ನರ್ಸಿನ ಕೋಟಿಗೂ ಬಟ್ಟೆ ಒಂದೇ, ಬಣ್ಣ ಒಂದೇ. ಹಾಕಿಕೊಂಡವರು ಕೈ ಎತ್ತಿದಾಗ, ಬಗ್ಗಿದಾಗ ಅದು ಏನು ಮಾಡಲು ಬಿಡುತ್ತದೆ, ಎಲ್ಲಿ ಹಿಡಿದು ಎಳೆಯುತ್ತದೆ ಎಂಬುದರಲ್ಲಿ ಬೇರೆ. ಲೋಕವೂ ಅಷ್ಟೆ. ಒಂದರಲ್ಲಿ ದೇವರಿಗೆ ಹೆದರಿ ನಡೆದೆ, ಒಂದರಲ್ಲಿ ಚೀಲ ಹೋದೀತೆಂದು ಹೆದರಿ ನಡೆದೆ, ನಿನ್ನದರಲ್ಲಿ ನನ್ನ ನಾಲಿಗೆಗೆ ನಾನೇ ಹೆದರಿದೆ. ಈ ವಯಸ್ಸಿನಲ್ಲಿ ನನ್ನನ್ನು ಹಾಗೆ ಹೆದರಿಸಿದವರು ಬೇರೆ ಯಾರೂ ಇಲ್ಲ.

ಆದ್ದರಿಂದ ಚಂದ್ರರಲ್ಲಿ ಇಬ್ಬರನ್ನು ಇಳಿಸು. ಆ ಹೊಸ ಸಮುದ್ರ ಬತ್ತಿಸು. ದೋಣಿಗಳ ಹಿಂದೆ ಮುಚ್ಚಿಟ್ಟದ್ದನ್ನು ಪುಸ್ತಕದ ಮೊದಲ ಸಾಲಿಗೆ ತಂದು ನಿಲ್ಲಿಸು. ಯಜಮಾನರಿಗೂ ಅಷ್ಟನ್ನೇ ಬರೆ, ‘ನನ್ನ ಲೋಕದಲ್ಲಿ ಬರ್ತೀನಿ ಎಂದವರು ಬರಲೇಬೇಕು’ ಎಂದು. ಅತ್ತು ಬರೆಯಬೇಡ, ಬೇಡಿ ಬರೆಯಬೇಡ. ಅವರು ಒಪ್ಪದಿದ್ದರೆ ಒಪ್ಪುವವರನ್ನು ಹುಡುಕು. ಊರಲ್ಲಿ ಅಚ್ಚು ಹಾಕುವವರು ಅವರೊಬ್ಬರೇ ಅಲ್ಲ.

ನಿನ್ನ ಕಾಗದದ ‘ಬರ್ತೀನಮ್ಮ’ ಎಂಬುದನ್ನು ನಾನೇ ಶಾಯಿಯಿಂದ ಹೊಡೆದುಹಾಕಿದ್ದೇನೆ. ನೀನು ಸೋತು ಬರುವುದು ನನಗೆ ಬೇಡ. ಪುಸ್ತಕ ಕೈಯಲ್ಲಿ ಹಿಡಿದು, ತಲೆ ಎತ್ತಿಕೊಂಡು ಬಾ. ಆಗ ಬಾಗಿಲು ತೆಗೆಯುತ್ತೇನೆ.

ಕಳ್ಳರ ಗವಿಗೆ ಮಾತು ಕೊಟ್ಟು ಕೂತಿರುವ,
ನಿನ್ನ ಅಮ್ಮ

ತಾ.ಕ.: ನಿನ್ನ ನಿಯಮದಲ್ಲಿ ಒಂದು ಹೊಲಿಗೆ ಬಿಟ್ಟಿದೆ. ಹೊರಡುವವರ ಮಾತಿನ ಬಗ್ಗೆ ಬರೆದಿದ್ದೀಯ. ಒಳಗೆ ಉಳಿದವರು ‘ಹೋಗಿ ಬಾ’ ಎಂದರೆ ಆ ಮಾತಿಗೆ ಶಕ್ತಿ ಇದೆಯೋ ಇಲ್ಲವೋ, ಬರೆದಿಲ್ಲ. ನಿನ್ನ ಗೆಳತಿಯನ್ನು ಕೇಳಿದರೆ ‘ಅವಳನ್ನೇ ಕೇಳಿ ಆಂಟಿ’ ಎಂದಳು. ಕೇಳುತ್ತಿದ್ದೇನೆ. ನೀನು ಪೆಟ್ಟಿಗೆ ಹಿಡಿದು ಹೊರಟ ದಿನ ನಾನು ಹಾಗೆ ಅಂದಿದ್ದೆ. ಮೆಷಿನ್ ಓಡುತ್ತಿತ್ತು, ನಿನಗೆ ಕೇಳಿಸಿರಲಿಕ್ಕಿಲ್ಲ.